ವಾಲಿನ ಮೇಲೆ ನಾನಿಟ್ಟ ತೂಕ

ಹೋದ ತಿಂಗಳು ಸೋದರತ್ತೆಯ ಮೊಮ್ಮಗಳ ಮದುವೆಗೆಂದು ಇಂಡಿಗೆ ಹೋಗಿದ್ದೆ. ಬಸ್ಸಿಳಿದು ಸಾಲೋಟಗಿ ರಸ್ತೆ ಹಿಡಿದು ನಡೆಯುತ್ತಿದ್ದಾಗ ಯಾವುದೋ ಖಾನಾವಳಿಯ ಹಿತ್ತಲಿನಿಂದ ಶೇಂಗಾ ಸಿಪ್ಪೆ ಸುಡುವ ವಾಸನೆ ಬಂತು. ಆ ಹೊಗೆಗೆ ಮೊದಲು ಒಂದು ಒಣ ಸಿಹಿ, ಆಮೇಲೆ ಗಂಟಲು ಕೆರೆಯುವ ಘಾಟು. ಜೊತೆಗಿದ್ದ ಮಗ, "ಯಾಕಪ್ಪ, ದಮ್ಮು ಹತ್ತಿತೇನು?" ಎಂದು ಕೇಳಿದ. ಹಾಗೇನಿಲ್ಲ ಎಂದೆ. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಇದೇ ರಸ್ತೆಯ ಬದಿಯ ಒಂದು ಬಾಯ್ಲರ್ ಮನೆಯಲ್ಲಿ ನಾನು ಇಡೀ ಒಂದು ಸುಗ್ಗಿ ಈ ಹೊಗೆಯನ್ನೇ ಉಸಿರಾಡಿದ್ದೆ. ಆ ಸುಗ್ಗಿಯ ತುಂಬ ದಿನ ಬೆಳಗಾದರೆ ಒಬ್ಬ ಮನುಷ್ಯನನ್ನು ಸಂಶಯದಿಂದ ನೋಡುವುದೇ ನನ್ನ ಕೆಲಸವಾಗಿತ್ತು.

ವಿಶಾಲ ಮೈಸೂರು ರಾಜ್ಯವಾಗಿ ಎರಡು ಮೂರು ವರ್ಷವಾಗಿತ್ತು. ನಾನು ಸೊಲ್ಲಾಪುರದ ಒಂದು ವರ್ಕ್‌ಶಾಪಿನಲ್ಲಿ ಎರಡು ವರ್ಷ ಫಿಟ್ಟರನ ಕೈಕೆಳಗಿದ್ದು, ಅಪ್ಪನ ಕಾಲುನೋವಿನಿಂದಾಗಿ ನಮ್ಮೂರು ಸಾಲೋಟಗಿಗೆ ಮರಳಿದ್ದೆ. ಇಂಡಿಯ ಅಂಚಿಗೆ ಅರಳೆಯಿಂದ ಬೀಜ ಬೇರ್ಪಡಿಸುವ ಒಂದು ಕಾರಖಾನೆ ಇತ್ತು. ಆ ಕಾರಖಾನೆಗೂ ಅದರೊಳಗಿನ ಯಂತ್ರಗಳಿಗೂ ಎಲ್ಲರೂ ಜಿನ್ನು ಎನ್ನುತ್ತಿದ್ದರು. ಕರೆಂಟು ಅಲ್ಲಿಯವರೆಗೆ ಬಂದಿರಲಿಲ್ಲ. ಕಲ್ಲಿದ್ದಲು ಮತ್ತು ಶೇಂಗಾ ಸಿಪ್ಪೆ ಉರಿಸಿ ಬಾಯ್ಲರಿನಲ್ಲಿ ಉಗಿ ಮಾಡುತ್ತಿದ್ದರು. ಆ ಉಗಿ ಇಂಜಿನ್ನನ್ನು ತಿರುಗಿಸುತ್ತಿತ್ತು, ಇಂಜಿನ್ನು ಜಿನ್ನುಗಳನ್ನು. ಒಂದೊಂದು ಜಿನ್ನಿನ ಮುಂದೆ ಒಬ್ಬೊಬ್ಬ ಹೆಂಗಸು ಕೂತು ಹತ್ತಿ ಉಣಿಸಬೇಕು. ಅಂಥ ನಲವತ್ತು ಹೆಂಗಸರು ಕೂರುತ್ತಿದ್ದ ಶೆಡ್ಡಿಗೂ ಬಾಯ್ಲರ್ ಮನೆಗೂ ನಡುವೆ ಒಂದೇ ಗೋಡೆ.

ಶಿವರಾತ್ರಿ ಕಳೆದ ವಾರದಲ್ಲಿ ಕಾರಖಾನೆಯ ಸಾವಕಾರರು ನನ್ನನ್ನು ಕರೆಸಿದರು.

"ಈರಣ್ಣ, ಸೂಜಿ ನೋಡಿ ಅಳತಿ ಓದಾಕ ಬರತೈತೇನು?"

"ಬರತೈತ್ರಿ."

"ಬಾಯ್ಲರ್ ಮನ್ಯಾಗ ಕುಂದರು. ಅರ್ಧಾ ತಾಸಿಗೊಮ್ಮಿ ಉಗಿ ಎಷ್ಟೈತಿ ಅಂತ ವಹಿಯೊಳಗ ಬರಿ. ಅದು ಮಂದಿಗೆ ಕಾಣೂ ಕೆಲಸ." ಅವರು ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ಖರೇ ಕೆಲಸ ಬ್ಯಾರೆ ಐತಿ. ಹಸನನ ಮ್ಯಾಲೆ ಕಣ್ಣಿಡು."

ಹಸನಸಾಬರು ಹದಿನೈದು ವರ್ಷದಿಂದ ಅಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ಅವರ ಮನೆತನ ಇಂಡಿಯಲ್ಲಿ ಎಷ್ಟು ತಲೆಮಾರಿನದೋ ಯಾರಿಗೂ ಗೊತ್ತಿರಲಿಲ್ಲ. ಅವರ ಮೇಲೆ ಕಣ್ಣಿಡುವುದು ಯಾಕೆಂದು ಕೇಳಿದೆ.

"ಉಗಿ ಒತ್ತಡ ನೂರು ಪೌಂಡಿಗೆ ಬಂದ್ರ ತೆರದು ಹಾರಬೇಕಾದ ವಾಲು ಈ ವರ್ಷ ಎಂಬತ್ತಕ್ಕ ಹಾರಾಕತ್ತೈತಿ. ದಿನಾ ಮಧ್ಯಾಹ್ನ ಉಗಿಯೆಲ್ಲಾ ಆಕಾಶಕ್ಕ ಹೋಗತೈತಿ, ಇಲ್ಲಿ ಜಿನ್ನು ಕುಂಟತಾವ. ನಮಗ ಪೈಪೋಟಿ ಮಾಡೂ ಆಚಿ ಜಿನ್ನಿನವರ ಕೂಡ ಅವ ಎರಡು ಸಲ ಚಾ ಕುಡದಾನ. ನೋಡಿದವರು ಅದಾರ."

ಎರಡು ಸಲ ಚಹಾ ಕುಡಿದದ್ದು ಆಗ ನನಗೂ ದೊಡ್ಡ ಪುರಾವೆಯಾಗಿಯೇ ಕಂಡಿತು.

ಮರುದಿನ ಬೆಳಿಗ್ಗೆ ವಹಿ ಹಿಡಿದು ಒಳಗೆ ಹೋದೆ. ಹಸನಸಾಬರಿಗೆ ಐವತ್ತರ ಆಚೆ ಈಚೆ. ಎಡಗಣ್ಣಿನ ಹುಬ್ಬು ಎಂದೋ ಸುಟ್ಟುಹೋಗಿತ್ತು. ಸಲಿಕೆ ಗೋಡೆಗಾನಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬರ್ರಿ ಕಾರಕೂನ್ರ. ಬಾಯ್ಲರ್ ಕಾಯಾಕ ಬಂದೀರೋ, ನನ್ನ ಕಾಯಾಕ ಬಂದೀರೋ?"

"ವಹಿ ಬರಿಯಾಕ ಬಂದೇನ್ರಿ."

"ಬರೀರಿ. ಆದ್ರ ಏನು ಬರಿಯಾಕತ್ತೀನಿ ಅಂತ ತಿಳಕೊಂಡು ಬರೀರಿ." ಹೀಗೆಂದು ನನ್ನನ್ನು ಬಾಯ್ಲರಿನ ಸುತ್ತ ಕರೆದೊಯ್ದು ಅದರ ವಾಲ್ವುಗಳನ್ನು ತೋರಿಸಿದರು. ಅಲ್ಲಿ ಎಲ್ಲರ ಬಾಯಲ್ಲೂ ಅವು ವಾಲು.

ಮೊದಲು ತೋರಿಸಿದ್ದು ಇಂಜಿನ್ನಿಗೆ ಹೋಗುವ ದಪ್ಪ ಪೈಪಿನ ಮೇಲಿನ ಚಕ್ರವನ್ನು. "ಇದು ಸ್ಟಾಪ್ ವಾಲು. ಒಳಗ ರೂಪಾಯಿಯಂಗ ಒಂದು ದುಂಡನ ಬಿಲ್ಲಿ ತನ್ನ ಕಟ್ಟಿ ಮ್ಯಾಲೆ ಕುಂತಿರತೈತಿ. ಚಕ್ರ ತಿರುವಿದಂಗ ಏಳತೈತಿ. ಎಷ್ಟು ಎತ್ತತೀರಿ ಅಷ್ಟು ಉಗಿ. ಆದ್ರ ಅವಸರದಾಗ ತಿರುವಬಾರದು. ಪೈಪಿನಾಗ ನಿಂತ ನೀರು ಗುಂಡಿನಂಗ ಓಡಿ ಇಂಜಿನ್ ಸೀಳತೈತಿ." ಆಮೇಲೆ ನೀರಿನ ಟಾಕಿಯ ಹತ್ತಿರ ಬಗ್ಗಿದರು. "ಇದು ಗೇಟ್ ವಾಲು. ಒಳಗ ಕೆರಿ ತೂಬಿನಂಗ ಒಂದು ಹಲಗಿ, ಏರತೈತಿ ಇಳೀತೈತಿ. ಇದನ್ನ ಪೂರ್ತಿ ತೆರೀಬೇಕು, ಇಲ್ಲಾ ಪೂರ್ತಿ ಮುಚ್ಚಬೇಕು. ಅರ್ಧಕ್ಕ ನಿಲ್ಲಿಸಿದ್ರ ಹಲಗಿ ನಡಗಿ ನಡಗಿ ಸವೀತೈತಿ."

ನೀರು ತಳ್ಳುವ ಪಂಪಿನಿಂದ ಬಾಯ್ಲರಿಗೆ ಹೋಗುವ ಪೈಪಿನಲ್ಲಿ ಇನ್ನೊಂದು ವಾಲು ಇತ್ತು. ಅದಕ್ಕೆ ಚಕ್ರವೂ ಇಲ್ಲ, ಹಿಡಿಕೆಯೂ ಇಲ್ಲ. ಪಂಪಿನ ಒಂದೊಂದು ನೂಕಿಗೂ ಅದರೊಳಗಿಂದ ಟಕ್ ಟಕ್ ಎಂದು ಸಪ್ಪಳ.

"ಇದಕ್ಕ ನಮ್ಮ ಕೈ ಹತ್ತೂದಿಲ್ಲ," ಎಂದರು. "ಪಂಪಿನ ನೂಕು ಹೆಚ್ಚಾದ್ರ ಎದ್ದು ನೀರು ಒಳಗ ಬಿಡತೈತಿ. ಬಾಯ್ಲರಿನ ನೂಕು ಹೆಚ್ಚಾದ್ರ ಕುಂತಬಿಡತೈತಿ. ಒಳಗಿನದನ್ನ ಹೊರಗಂತೂ ಬಿಡೂದಿಲ್ಲ."

ಕೊನೆಗೆ ಕಬ್ಬಿಣದ ಏಣಿ ಹತ್ತಿಸಿ ಬಾಯ್ಲರಿನ ನೆತ್ತಿ ತೋರಿಸಿದರು. ಅಲ್ಲಿ ಒಂದು ಉದ್ದನೆಯ ಸರಳು, ಅದರ ತುದಿಗೆ ತೂಗುವ ಕಬ್ಬಿಣದ ಗುಂಡು. ಆ ಭಾರವೇ ಕೆಳಗಿನ ವಾಲನ್ನು ಒತ್ತಿ ಹಿಡಿದಿತ್ತು. ಗುಂಡು ಎಲ್ಲಿರಬೇಕೆಂದು ಇನ್ಸ್‌ಪೆಕ್ಟರರು ಸರಳಿನ ಮೇಲೆ ಗೀರು ಹಾಕಿಹೋಗಿದ್ದರು. ಉಗಿ ನೂರು ಪೌಂಡು ದಾಟಿದರೆ ಆ ಭಾರವನ್ನೇ ಎತ್ತಿ ಹಾರಿಹೋಗಬೇಕು. "ಇದು ಯಾರ ಮಾತೂ ಕೇಳೂದಿಲ್ಲ. ಸಾವಕಾರರದೂ ಇಲ್ಲ, ನನ್ನದೂ ಇಲ್ಲ," ಎಂದರು ಹಸನಸಾಬರು.

ಇಷ್ಟೆಲ್ಲ ಬಿಡಿಸಿ ಹೇಳುವ ಮನುಷ್ಯ ಏನೋ ಮುಚ್ಚಿಡುತ್ತಿರಬೇಕು ಎಂದೇ ನನಗನ್ನಿಸಿತು. ಕಣ್ಣಿಡಲು ಬಂದವನಿಗೆ ಎಲ್ಲವೂ ಕುರುಹಾಗಿಯೇ ಕಾಣುತ್ತದೆ. ಅವರು ದಿನಕ್ಕೊಮ್ಮೆ ಮೇಲೆ ಹತ್ತಿ ಆ ಸರಳನ್ನು ಕೈಯಿಂದ ಒಂದಿಷ್ಟು ಎತ್ತಿ ಬಿಡುತ್ತಿದ್ದರು. ವಾಲು ಅಂಟಿಕೊಳ್ಳಬಾರದೆಂದು ಹಾಗೆ ಮಾಡುವುದು ಎನ್ನುತ್ತಿದ್ದರು. ನಾನು ಸಾವಕಾರರಿಗೆ, "ದಿನಾ ವಾಲಿಗೆ ಕೈ ಹಚ್ಚತಾರ್ರಿ" ಎಂದಷ್ಟೇ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಸೂಜಿ ಎಂಬತ್ತಕ್ಕೆ ಬರುವುದಕ್ಕೂ ಮೇಲಿನ ವಾಲು ಊರಿಗೆಲ್ಲ ಕೇಳುವಂತೆ ಹಾರುವುದಕ್ಕೂ ಸರಿಹೋಗುತ್ತಿತ್ತು. ಆಗ ಹಸನಸಾಬರು ಸೂಜಿಯಿದ್ದ ಗೇಜಿನ ಗಾಜನ್ನು ಬೆರಳಿನಿಂದ ಕುಟ್ಟಿ, "ಈ ಸೂಜಿ ಮ್ಯಾಲೆ ನನಗ ಸಂಶೇ ಐತಿ. ತಪಾಸಕ್ಕ ಕಳಸ್ರಿ ಅಂತ ಸಾವಕಾರರಿಗೆ ಎರಡು ಸಲ ಹೇಳೇನಿ. ಸುಗ್ಗ್ಯಾಗ ಬಾಯ್ಲರ್ ನಿಲ್ಲಸಾಕ ಆಗೂದಿಲ್ಲ ಅಂದ್ರು," ಎನ್ನುತ್ತಿದ್ದರು. ಗೇಜು ಹೋದ ವರ್ಷವಷ್ಟೇ ಮುಂಬಯಿಯಿಂದ ಬಂದದ್ದು. ಹಿತ್ತಾಳೆಯ ಅಂಚು, ಬಿಳಿಯ ಮುಖ, ಮುತ್ತಿನಂಥ ಅಂಕಿ. ಸೊಲ್ಲಾಪುರದಲ್ಲಿ ಕೆಲಸ ಕಲಿತ ನನಗೆ ಅಂಕಿಯ ಮೇಲೆ ನಂಬಿಕೆ. ತಪ್ಪು ಮಾಡಿದವನು ಸೂಜಿಯ ಮೇಲೆ ಹೊರಿಸುತ್ತಿದ್ದಾನೆ ಎಂದುಕೊಂಡೆ.

ಯುಗಾದಿ ಕಳೆದು ಬಿಸಿಲು ಏರಿತ್ತು. ಒಂದು ಶುಕ್ರವಾರ ಹಸನಸಾಬರು ನಮಾಜು ಮುಗಿಸಿ ಬರುವಾಗ ಕಂಕುಳಲ್ಲಿ ಟವೆಲಿನ ಗಂಟೊಂದಿತ್ತು. ಅದನ್ನು ಮೂಲೆಯ ಸಿಪ್ಪೆಯ ರಾಶಿಯಲ್ಲಿ ತುರುಕಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಅವರು ಬೂದಿ ಹೊರಹಾಕಲು ಹೋದಾಗ ಗಂಟು ಬಿಚ್ಚಿದೆ. ಗಾಜು ಸೀಳಿದ, ಎಣ್ಣೆ ಒರೆಸಿದ ಒಂದು ಹಳೆಯ ಹಿತ್ತಾಳೆ ಗೇಜು. ಅರ್ಧ ತಾಸಿನೊಳಗೆ ಸಾವಕಾರರ ಮುಂದೆ ನಿಂತಿದ್ದೆ.

"ಹಿತ್ತಾಳಿ ಸಾಮಾನು ಸಿಪ್ಪಿಯೊಳಗ ಮುಚ್ಚಿಟ್ಟಾರ್ರಿ."

ಆ ಗಂಟನ್ನು ಅವರು ಹೊರಗಿನಿಂದ ಒಳಗೆ ತಂದದ್ದನ್ನು ನಾನು ನೋಡಿದ್ದೆ. ಕದಿಯುವವನು ಒಳಗಿನದನ್ನು ಹೊರಗೆ ಒಯ್ಯುತ್ತಾನಲ್ಲವೆ? ಆ ಒಂದು ಮಾತನ್ನು ನಾನು ಹೇಳಲಿಲ್ಲ. ಸಾವಕಾರರು ಕೇಳಲೂ ಇಲ್ಲ.

ಹಸನಸಾಬರನ್ನು ಅಂಗಳಕ್ಕೆ ಕರೆಸಿದರು. ಅವರು ಸಮಾಧಾನದಿಂದಲೇ ಹೇಳಿದರು: "ವಿಜಾಪುರದಾಗಿನ ನನ್ನ ದೋಸ್ತನ ಕಡಿಂದ ಕೇಳಿ ತಂದೇನ್ರಿ. ಎರಡೂ ಸೂಜಿ ತಾಳೆ ನೋಡೂನು ಅಂತ."

"ಹಂಗಿದ್ರ ಮುಚ್ಚಿ ಯಾಕ ಇಟ್ಟಿ?"

"ನೀವು ಬ್ಯಾಡ ಅಂದಿದ್ರಿ."

"ಕೇಳಿದ್ಯಾ ಈರಣ್ಣ? ಬ್ಯಾಡ ಅಂದದ್ದನ್ನ ಕದ್ದು ಮಾಡಾಕ ನಿಂತಾನ. ನಾಳಿಂದ ಬರಬ್ಯಾಡ ನೀ."

ಹಸನಸಾಬರು ನನ್ನ ಕಡೆ ಒಮ್ಮೆ ನೋಡಿದರು. ಸಿಟ್ಟಿನ ನೋಟವಾಗಿದ್ದರೆ ಸಹಿಸಬಹುದಿತ್ತು. ಅಂಗಳ ದಾಟಿ, ಗೇಟಿನ ಬಳಿ ಚಪ್ಪಲಿ ಮೆಟ್ಟಿ ಹೋದರು. ಹಳೆಯ ಗೇಜು ಸಾವಕಾರರ ಗದ್ದುಗೆಯ ಪಕ್ಕದ ಗೂಡಿನಲ್ಲಿ ಉಳಿಯಿತು.

ಬಾಯ್ಲರ್ ನನ್ನ ಕೈಗೆ ಬಂತು. ಸಾವಕಾರರು ಹೇಳಿದರು: "ಸೂಜಿ ನೂರಕ್ಕ ಬರೂ ತನಕ ವಾಲು ಹಾರಬಾರದು. ಏನಾರ ಮಾಡು." ನಾನು ತೂಕದ ಕಟ್ಟೆಯಿಂದ ಐದು ಸೇರಿನ ಕಲ್ಲೊಂದನ್ನು ತಂದು, ಏಣಿ ಹತ್ತಿ, ಗುಂಡಿನ ಪಕ್ಕ ತಂತಿಯಿಂದ ಕಟ್ಟಿದೆ. ಕೆಳಗಿಳಿದು ಬಂದು ಒಲೆಗೆ ಸಿಪ್ಪೆ ಎಸೆದೆ.

ಮೊದಲ ದಿನ ಜಿನ್ನುಗಳು ಹಿಂದೆಂದೂ ಓಡದಂತೆ ಓಡಿದವು. ಸೂಜಿ ತೊಂಬತ್ತು ದಾಟಿ ನೂರರ ಹತ್ತಿರ ನಿಂತಿತು. ವಾಲು ಹಾರಲಿಲ್ಲ. ಸಾವಕಾರರು ಬಂದು ಬೆನ್ನು ತಟ್ಟಿದರು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಮಧ್ಯಾಹ್ನ ಶೆಡ್ಡಿನ ಕಿಟಕಿಯಲ್ಲಿ ಗಂಗವ್ವ ಕಾಣಿಸಿಕೊಂಡಳು. ಬಾಯ್ಲರ್ ಮನೆಯ ಗೋಡೆಗೆ ಬೆನ್ನು ಹಚ್ಚಿ ಕೂತು ಹತ್ತಿ ಉಣಿಸುತ್ತಿದ್ದವಳು ಆಕೆ.

"ತಮ್ಮಾ, ಗ್ವಾಡಿ ಯಾಕೋ ಗುಂಯ್ ಅನ್ನಾಕತ್ತೈತಿ. ಬೆನ್ನಿಗೆ ಹತ್ತತೈತಿ ನೋಡು."

"ಇಂಜಿನ್ ಜೋರ ಓಡಾಕತ್ತೈತಿ, ಅದಕ್ಕ," ಎಂದೆ.

"ಹಸನಸಾಬ್ರು ಇದ್ದಾಗ ಹಿಂಗ ಅಂತಿರಲಿಲ್ಲ."

ಆಕೆಯನ್ನೂ ಹಸನಸಾಬರೇ ಕಳಿಸಿರಬೇಕೆಂದು ನನಗನ್ನಿಸಿತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆದರೆ ಅನ್ನಿಸಿದ್ದು ನಿಜ.

ಆಕೆ ಹೋದ ಮೇಲೆ ಪಂಪನ್ನು ಓಡಿಸುವ ತೊಗಲಿನ ಪಟ್ಟಾ ಕಿರುಗುಟ್ಟತೊಡಗಿತು. ಚಕ್ರದ ಮೇಲೆ ಜಾರುತ್ತಿತ್ತು. ಬಾಯ್ಲರಿನ ಮುಂದೆ ಒಳಗಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ಎರಡು ಬೆರಳಿನಷ್ಟೇ ಉಳಿದಿತ್ತು. ಮೊದಲು ಬಂದ ಯೋಚನೆ, ಹೋಗುವಾಗ ಹಸನಸಾಬರು ಪಂಪಿಗೆ ಏನೋ ಮಾಡಿಹೋಗಿದ್ದಾರೆ ಎಂಬುದು. ಓಡಿಹೋಗಿ ನೋಡಿದೆ. ಟಾಕಿ ತುಂಬಿತ್ತು. ಗೇಟ್ ವಾಲು ಪೂರ್ತಿ ತೆರೆದಿತ್ತು. ಪಂಪಿನಲ್ಲಿ ಏನೂ ಕೆಟ್ಟಿರಲಿಲ್ಲ. ಆ ಒಮ್ಮುಖದ ವಾಲಿನ ಮೇಲೆ ಕೈಯಿಟ್ಟು ಕಿವಿಗೊಟ್ಟೆ. ಟಕ್ ಎಂಬುದು ನಾಲ್ಕೈದು ನೂಕಿಗೊಮ್ಮೆ ಬರುತ್ತಿತ್ತು. ಒಳಗಿನ ಬಿಲ್ಲೆ ಏಳಲಾರದೆ ಕೂತಿತ್ತು.

ಬಾಯ್ಲರಿನ ನೂಕು ಹೆಚ್ಚಾದರೆ ಕೂತುಬಿಡುತ್ತದೆ.

ಪಂಪನ್ನು ನೂರು ಪೌಂಡಿನ ಬಾಯ್ಲರಿಗೆಂದೇ ಮಾಡಿದ್ದರು. ಅದರ ಮೈಮೇಲೆ ಹಾಗೆಂದು ಅಚ್ಚೂ ಇತ್ತು. ಸೂಜಿ ನೂರನ್ನೇ ತೋರಿಸುತ್ತಿತ್ತು. ಹಾಗಿದ್ದರೆ ನೀರು ಸರಾಗವಾಗಿ ಹೋಗಬೇಕಿತ್ತು. ಚಕ್ರವಿಲ್ಲದ, ಯಾರ ಕೈಗೂ ಸಿಗದ ಆ ವಾಲು ಹೇಳುತ್ತಿದ್ದ ಮಾತು ಬೇರೆಯಿತ್ತು. ಮೇಲಿನ ವಾಲು ಎರಡು ತಿಂಗಳಿಂದ ದಿನಾ ಮಧ್ಯಾಹ್ನ ಕೂಗಿ ಹೇಳಿದ್ದೂ ಅದನ್ನೇ. ಸೂಜಿ ಎಂಬತ್ತೆಂದಾಗ ಒಳಗೆ ನೂರಿತ್ತು. ಈಗ ನೂರೆನ್ನುತ್ತಿದೆ. ಒಳಗೆ ಎಷ್ಟಿದೆಯೋ. ಆ ಭಾರದ ಮೇಲೆ ನಾನು ಐದು ಸೇರು ಹೇರಿದ್ದೆ. ಗೋಡೆಯಾಚೆ ನಲವತ್ತು ಹೆಂಗಸರು.

ಏಣಿಯತ್ತ ಹೆಜ್ಜೆಯಿಟ್ಟವನು ಹಾಗೇ ನಿಂತೆ. ಅಷ್ಟರಲ್ಲಿ ಬಾಗಿಲಲ್ಲಿ ಹಸನಸಾಬರು. ಹಿಂದೆ ಕಾರಖಾನೆಯ ಗೇಟು ಕಾಯುವವನು ಅವರ ಅಂಗಿ ಹಿಡಿದು ಎಳೆಯುತ್ತಿದ್ದ.

"ಮೂರು ದಿನ ಆತು, ವಾಲು ಹಾರಿದ ಸಪ್ಪಳ ನನ್ನ ಮನಿಗೆ ಬಂದಿಲ್ಲ," ಎಂದರು. "ಮ್ಯಾಲೆ ತೂಕ ಏರಿಸ್ಯಾರೇನು?"

ಹೌದೆಂದು ತಲೆಯಾಡಿಸಿದೆ. ಯಾರು ಏರಿಸಿದರೆಂದು ಅವರು ಕೇಳಲಿಲ್ಲ. ಗಾಜಿನ ಕೊಳವೆ ನೋಡಿದರು, ಗೋಡೆಗೆ ಅಂಗೈ ಇಟ್ಟರು. ಗೇಟಿನವನಿಗೆ, "ಹೆಣ್ಣುಮಕ್ಕಳನ್ನ ರಸ್ತೆದಾಚೆ ಕರಕೊಂಡು ಹೋಗು. ಓಡಸಬ್ಯಾಡ, ನಡಸು," ಎಂದರು. ನಾನು ಸ್ಟಾಪ್ ವಾಲಿಗೆ ಕೈ ಹಾಕಿದ್ದೆ.

"ಅದನ್ನ ಮುಚ್ಚಬ್ಯಾಡ್ರಿ. ಇಂಜಿನ್ ಓಡ್ಲಿ, ಅದೊಂದಿಷ್ಟು ಉಗಿ ಕುಡೀಲಿ. ಮೊದಲ ಬೆಂಕಿ ಎಳೀರಿ."

"ನೀರು ಕಮ್ಮಿ ಐತ್ರಿ. ನೀರು ಹಾಕೂನೇನು?"

"ಕಾದ ಕಬ್ಬಿಣಕ್ಕ ಈಗ ತಣ್ಣೀರು ತಾಗಿದ್ರ ಇಬ್ರೂ ಉಳಿಯೂದಿಲ್ಲ. ಎಳೀರಿ."

ಉದ್ದನೆಯ ಕೊಕ್ಕೆಯಿಂದ ಉರಿಯುವ ಕೆಂಡವನ್ನು ಒಲೆಯ ಬಾಯಿಂದ ನೆಲಕ್ಕೆ ಎಳೆದು ಎಳೆದು ಹಾಕಿದೆವು. ನನ್ನ ಧೋತರದ ಅಂಚು ಸುಟ್ಟಿತು. ಕೆಂಡವೆಲ್ಲ ಹೊರಬಿದ್ದ ಮೇಲೆ ಅವರು ಏಣಿ ಹತ್ತಿದರು. ನಾನೂ ಹಿಂದೆ ಹತ್ತಿದೆ. ತಾವು ತಂತಿಯನ್ನು ಬಿಚ್ಚುವಾಗ ಕಲ್ಲಿನ ಭಾರವನ್ನು ನಾನು ಕೆಳಗಿನಿಂದ ಎರಡೂ ಕೈಯಲ್ಲಿ ಹಿಡಿದಿರಬೇಕೆಂದರು. "ಒಮ್ಮೆಲೆ ಬಿಡಬ್ಯಾಡ್ರಿ. ಒಮ್ಮೆಲೆ ಬಿಟ್ರ ಒಳಗಿನ ನೀರೆಲ್ಲ ಕುದ್ದು ಮ್ಯಾಲೆ ಹಾರತೈತಿ. ಮಗೂನ್ನ ತೊಟ್ಟಲದಾಗಿಂದ ಎತ್ತಿದಂಗ ಎತ್ತರಿ." ಕಲ್ಲು ನನ್ನ ಕೈಗೆ ಬರುತ್ತಿದ್ದಂತೆ ವಾಲು ಮೊದಲು ಸಿಳ್ಳಿಟ್ಟಿತು, ಆಮೇಲೆ ಗರ್ಜಿಸಿತು. ಬಿಳಿಯ ಉಗಿಯ ಕಂಬ ಮಾಡಿನ ಕಿಂಡಿಯಿಂದ ಆಕಾಶಕ್ಕೆ ನಿಂತಿತು. ಬಾಯ್ಲರಿನ ಮೈಯಿಂದ ನಡುಕ ಇಳಿಯುವುದು ಕಾಲಿಗೇ ತಿಳಿಯುತ್ತಿತ್ತು.

ಸಾವಕಾರರು ಓಡಿಬಂದು ಬಾಗಿಲಲ್ಲಿ ನಿಂತು ಏನೋ ಕೂಗಿದರು. ಆ ಗದ್ದಲದಲ್ಲಿ ಅವರ ಬಾಯಿ ಆಡುವುದಷ್ಟೇ ಕಂಡಿತು. ರಸ್ತೆಯಾಚೆ ಬೇವಿನ ಕೆಳಗೆ ಹೆಂಗಸರು ಸೀರೆಗೆ ಅಂಟಿದ ಅರಳೆಯೊಂದಿಗೇ ಸಾಲಾಗಿ ನಿಂತು ನೋಡುತ್ತಿದ್ದರು.

ಮರುದಿನ ಸಾವಕಾರರ ಗೂಡಿನಿಂದ ಹಳೆಯ ಗೇಜು ತಂದು ಹೊಸದರ ಪಕ್ಕದಲ್ಲಿ ಕೂರಿಸಿ ಸಣ್ಣ ಬೆಂಕಿ ಹಾಕಿದೆವು. ಹೊಸದು ಮೂವತ್ತೆಂದರೆ ಹಳೆಯದು ಐವತ್ತೆಂದಿತು. ಹೊಸದು ನಲವತ್ತೆಂದರೆ ಹಳೆಯದು ಅರವತ್ತು. ಸಾವಕಾರರು ಎರಡನ್ನೂ ನೋಡಿ, "ಈ ಹಳೇದ ಸುಳ್ಳ ಹೇಳತಿರಬೇಕು," ಎಂದರು.

ಹಸನಸಾಬರು ಹೇಳಿದರು: "ಹಂಗಾದ್ರ ಮ್ಯಾಲಿನ ವಾಲೂ ಸುಳ್ಳ, ಪಂಪಿನ ವಾಲೂ ಸುಳ್ಳ. ಮೂವರೂ ಕೂಡಿ ನಿಮ್ಮ ಮ್ಯಾಲೆ ಸಂಚು ಹೂಡ್ಯಾರಂತ ತಿಳೀರಿ ಸಾವಕಾರ್ರ."

ಹೊಸ ಗೇಜಿನ ಗಾಜು ಬಿಚ್ಚಿ ನೋಡಿದಾಗ ಸೂಜಿ ತನ್ನ ಮೊಳೆಯ ಮೇಲೆ ಸಡಿಲಾಗಿ ಇಪ್ಪತ್ತು ಪೌಂಡಿನಷ್ಟು ಹಿಂದೆ ಜಾರಿತ್ತು. ಬಾಯ್ಲರ್ ತಣ್ಣಗಿರುವಾಗ ಅದು ಸೊನ್ನೆಯ ಬಳಿಯ ಕಡ್ಡಿಗೆ ಒರಗಿ ನಿಲ್ಲುತ್ತಿದ್ದುದರಿಂದ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸಂಜೆ ಸಾವಕಾರರು, "ನಾಳಿಂದ ಬಾ ಹಸನ," ಎಂದರು. ತಪ್ಪಾಯಿತೆಂದು ಹೇಳುವ ರೂಢಿ ಅವರಿಗಿರಲಿಲ್ಲ.

"ಬರ್ತೇನ್ರಿ. ಆದ್ರ ಆ ಸರಳಿನ ಮ್ಯಾಲೆ ಒಂದು ಜಾಳಗಿ ಪೆಟಗಿ ಕೂಡ್ರಿಸಿ ಕೀಲಿ ಹಾಕಸ್ರಿ. ಕೀಲಿಕೈ ಇನ್ಸ್‌ಪೆಕ್ಟರ್ ಸಾಹೇಬರ ಹತ್ರ ಇರ್ಲಿ. ನಿಮ್ಮ ಹತ್ರಾನೂ ಬ್ಯಾಡ, ನನ್ನ ಹತ್ರಾನೂ ಬ್ಯಾಡ."

ಜಾಲರಿಯ ಪೆಟ್ಟಿಗೆ ಬಂತು. ಕೆಲಸ ಮತ್ತೆ ಶುರುವಾಯಿತು. ಗಂಗವ್ವ ಮಾತ್ರ ಜಾಗ ಬದಲಿಸಿದಳು. ಗೋಡೆಯ ಪಕ್ಕದ ಜಿನ್ನಿನಲ್ಲಿ ಆ ವರ್ಷ ಮತ್ತೆ ಕೂರಲಿಲ್ಲ. ಒಂದು ದಿನ ಹಸನಸಾಬರು ಸಿಪ್ಪೆ ಎಸೆಯುತ್ತ, "ನಿಮ್ಮ ಮ್ಯಾಲೆ ಕಣ್ಣಿಡು ಅಂದಾರ ಸಾವಕಾರ್ರು," ಎಂದರು. ನೀವೇನಂದಿರಿ ಎಂದು ಕೇಳಿದೆ. "ಹೂಂ ಅಂದೆ. ಬಾಯ್ಲರ್ ಹತ್ರ ಇದ್ದವರು ಒಬ್ರನ್ನೊಬ್ರು ನೋಡಿಕೊಂಡಿದ್ರ ಛಲೋನ ಅಲ್ಲೇನು?"

ಕಾರಹುಣ್ಣಿಮೆ ಕಳೆಯಿತು, ಒಂದೆರಡು ಮಳೆ ಬಿದ್ದವು, ಹತ್ತಿ ತೀರಿತು. ಬೆಂಕಿ ಆರಿಸಿ, ನೀರು ಖಾಲಿ ಮಾಡಿ, ನೆತ್ತಿಯ ಕಿಂಡಿಯಿಂದ ನಾವಿಬ್ಬರೂ ಬಾಯ್ಲರಿನೊಳಗೆ ಇಳಿದೆವು. ಒಳಗೋಡೆಗೆ ಹಿಡಿದ ಸುಣ್ಣದ ಹಕ್ಕಳೆಯನ್ನು ಸುತ್ತಿಗೆಯಿಂದ ಕುಟ್ಟಿ ಉದುರಿಸುವ ಕೆಲಸ. ಬಗ್ಗಿಯೇ ಇರಬೇಕು. ಒಂದು ದೀಪ, ಕಣ್ಣು ಮೂಗಿಗೆಲ್ಲ ಬಿಳಿಯ ಧೂಳು. ಎರಡು ತಾಸು ಕುಟ್ಟಿದ ಮೇಲೆ ನನ್ನ ಬಾಯಿ ತಾನಾಗಿ ಬಿಚ್ಚಿತು.

"ಹಸನಸಾಬ್ರ, ಗಂಟಿನ ಸುದ್ದಿ ಸಾವಕಾರರಿಗೆ ಹೇಳಿದವ ನಾನ."

"ಗೊತ್ತೈತಿ."

"ಅದನ್ನ ನೀವು ಹೊರಗಿಂದ ತಂದದ್ದು ನೋಡಿದ್ದೆ. ಹೇಳಲಿಲ್ಲ."

ಅವರ ಸುತ್ತಿಗೆ ನಿಂತಿತು.

"ವಾಲಿನ ಮ್ಯಾಲೆ ತೂಕ ಕಟ್ಟಿದವನೂ ನಾನ."

ಇದು ಅವರಿಗೆ ಗೊತ್ತಿರಲಿಲ್ಲವೆಂದು ದೀಪದ ಬೆಳಕಿನಲ್ಲೇ ತಿಳಿಯಿತು. ಸಾವಕಾರರು ಬೇರೆ ಯಾರಿಂದಲೋ ಕಟ್ಟಿಸಿದ್ದಾರೆ ಎಂದುಕೊಂಡಿದ್ದರೇನೋ. ಸುತ್ತಿಗೆಯನ್ನು ಕೆಳಗಿಟ್ಟರು. ನನ್ನ ಪಕ್ಕದಿಂದ ತೆವಳಿ, ಕಿಂಡಿಯ ಅಂಚು ಹಿಡಿದು ಮೇಲೇರಿ ಹೊರಗೆ ಹೋದರು. ಅವರ ಹೆಜ್ಜೆ ಬಾಯ್ಲರಿನ ಬೆನ್ನ ಮೇಲೆ ಸದ್ದು ಮಾಡುತ್ತ ದೂರವಾಯಿತು.

ಒಬ್ಬನೇ ಉಳಿದೆ. ಕಿಂಡಿಯ ಕಬ್ಬಿಣದ ಮುಚ್ಚಳ ಅಲ್ಲೇ ಪಕ್ಕದಲ್ಲಿತ್ತು. ಬೋಲ್ಟು ಹಾಕಿದರೆ ಒಳಗಿನಿಂದ ತೆಗೆಯಲು ಬರುವುದಿಲ್ಲ. ಕಾರಖಾನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೇಲೆ ಮತ್ತೆ ಹೆಜ್ಜೆಯ ಸದ್ದು ಬಂತು. ಕಿಂಡಿಯ ಬೆಳಕು ಮುಚ್ಚಿತು. ನಾನು ಸುತ್ತಿಗೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಗೋಡೆಗೆ ಬೆನ್ನು ಹಚ್ಚಿ ಕೂತೆ.

ಬೆಳಕು ಮುಚ್ಚಿದ್ದು ಅವರ ತಲೆ. ಕೈಯೊಂದು ಒಳಗೆ ಬಂತು. ಕೈಯಲ್ಲಿ ನೀರು ತುಂಬಿದ ತಂಬಿಗೆ.

"ಕುಡಿಯೋ ತಮ್ಮಾ. ಇನ್ನೂ ಅರ್ಧಾ ಉಳದೈತಿ."

ಕುಡಿದೆ. ಅವರು ಒಳಗಿಳಿದು ತಮ್ಮ ಸುತ್ತಿಗೆ ಎತ್ತಿಕೊಂಡರು. ಸಂಜೆಯವರೆಗೂ ಇಬ್ಬರೂ ಕುಟ್ಟಿದೆವು. ಕಿಂಡಿಯ ಬೆಳಕು ಮುಚ್ಚಿದ ಆ ಗಳಿಗೆಯೇ ನಾನು ಅವರನ್ನು ಸಂಶಯಿಸಿದ ಕೊನೆಯ ಸಲ. ಅದೊಂದನ್ನು ಮಾತ್ರ ಅವರಿಗೆ ಹೇಳಲೇ ಇಲ್ಲ.